ಎಡಗಾಲಿನ ಎರಡರಷ್ಟು

ಫೆಬ್ರವರಿ 11

ಅಕ್ಕ,

ಶಿಬಿರಕ್ಕೆ ಬಂದು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ ಎಂದು ನೀನು ಅಮ್ಮನ ಮುಂದೆ ನನ್ನ ಮಾನ ಹರಾಜು ಹಾಕಿರುತ್ತೀಯ, ಗೊತ್ತು. ಇಲ್ಲಿ ಎಲ್ಲರ ಫೋನುಗಳನ್ನೂ ಕೋಚ್ ಒಂದು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದಾರೆ. ಸೆಲೆಕ್ಷನ್ ಮುಗಿಯುವ ತನಕ ಯಾರಿಗೂ ಇಲ್ಲ. ಇದ್ದರೂ ಏನು ಪ್ರಯೋಜನ, ಕರೆ ಮಾಡಿದರೆ ನಿನಗೆ ಕಿವಿ ಕೇಳಿಸುವುದಿಲ್ಲ, ಮೆಸೇಜ್ ಹಾಕಿದರೆ "ಇದೇನೋ ಎರಡೇ ಅಕ್ಷರ, ಕೈಗೆ ಲಕ್ವ ಹೊಡೆದಿದ್ಯಾ" ಅಂತೀಯ. ಕಾಗದವೇ ಗತಿ.

ನಾವು ಹನ್ನೊಂದು ಜನ ಇದ್ದೇವೆ, ಸೈಕಲ್ ರೇಸಿನ ತಂಡಕ್ಕೆ ಬೇಕಾದವರು ನಾಲ್ಕು ಜನ. ನನ್ನ ಕೋಣೆಯಲ್ಲಿ ಇನ್ನೊಬ್ಬನಿದ್ದಾನೆ, ಮಂಚದಿಂದ ಅವನ ಪಾದ ಒಂದು ಗೇಣು ಆಚೆ ಬರುತ್ತದೆ, ಉದ್ದಣ್ಣ ಎಂದು ಹೆಸರಿಟ್ಟಿದ್ದೇವೆ. ಕೆಳಗಿನ ಹಾಲಿನಲ್ಲಿ ಟ್ರೇನರ್ ಯಂತ್ರಗಳನ್ನು ಸಾಲಾಗಿ ನೆಲಕ್ಕೆ ಬಿಗಿದಿದ್ದಾರೆ. ಹಿಂದಿನ ಚಕ್ರ ಕಳಚಿ ಸೈಕಲ್ಲನ್ನು ಅದರ ಮೇಲೆ ಕೂರಿಸುವುದು, ಬೆವರು ಸುರಿಸಿ ತುಳಿಯುವುದು, ಇದ್ದಲ್ಲೇ ಇರುವುದು. ಜೂನ್ 20ಕ್ಕೆ ಸೆಲೆಕ್ಷನ್. ಇಪ್ಪತ್ತು ನಿಮಿಷ ತುಳಿಯಬೇಕು, ಟ್ರೇನರ್ ಲೆಕ್ಕದಲ್ಲಿ ಸರಾಸರಿ ಮುನ್ನೂರು ವ್ಯಾಟ್ ಬರಬೇಕು. ಬಂದವನು ಒಳಗೆ, ಬರದವನು ಮನೆಗೆ. ವ್ಯಾಟ್ ಎಂದರೇನು ಎಂದು ಅಮ್ಮ ಕೇಳುತ್ತಾಳೆ. ಮಗ ಎಷ್ಟು ಬಲ ಹಾಕಿ ತುಳಿಯುತ್ತಾನೆ ಎನ್ನುವುದರ ಅಳತೆ ಎಂದು ಹೇಳು.

ಈಗ ವಿಷಯಕ್ಕೆ ಬರುತ್ತೇನೆ. ನೀನು ನನ್ನ ಎಡ ಪೆಡಲಿನ ತೋಳಿಗೆ, ಕ್ರ್ಯಾಂಕಿಗೆ, ಕೂರಿಸಿಕೊಟ್ಟ ಪವರ್ ಮೀಟರ್ ಇದೆಯಲ್ಲ, ಅದು ನಿನ್ನೆ ಇಪ್ಪತ್ತು ನಿಮಿಷಕ್ಕೆ 311 ತೋರಿಸಿತು. ಅದೇ ಇಪ್ಪತ್ತು ನಿಮಿಷಕ್ಕೆ ಟ್ರೇನರ್ 289 ಎಂದಿತು. ಒಂದೇ ಕಾಲು, ಒಂದೇ ಚೈನು, ನಡುವೆ ಇಪ್ಪತ್ತೆರಡು ವ್ಯಾಟ್ ಯಾರು ನುಂಗಿದರು? ನನ್ನ ಮೀಟರ್ ಪ್ರಕಾರ ನಾನು ತಂಡದಲ್ಲಿದ್ದೇನೆ, ಇವರ ಟ್ರೇನರ್ ಪ್ರಕಾರ ಬಸ್ ಸ್ಟ್ಯಾಂಡಿನಲ್ಲಿದ್ದೇನೆ. ಟ್ರೇನರ್ ಸುಳ್ಳು ಹೇಳುತ್ತಿದೆ ಎಂದು ನನ್ನ ಅನುಮಾನ. ಹೇಗೆ ಹಿಡಿಯಬೇಕು ಹೇಳು.

ನೀನು ತಗ್ಗಿಸಿಕೊಟ್ಟ ಹ್ಯಾಂಡಲ್ ನೋಡಿ ಕೋಚ್ ಮೆಚ್ಚಿಕೊಂಡರು. "ಯಾರು ಮಾಡಿದ್ದು ಈ ಫಿಟ್ಟಿಂಗು? ಗಾಳಿಗೆ ಎದೇನೇ ಸಿಗಲ್ವಲ್ಲ" ಅಂದರು. ನಮ್ಮಕ್ಕ ಅಂದೆ. ಯಾರೂ ನಂಬಲಿಲ್ಲ.

ನಿನ್ನ
ಮೊಂಡ


ಫೆಬ್ರವರಿ 19

ಮೊಂಡನಿಗೆ,

ತಿಂಗಳಿಗೊಂದು ಕಾಗದ ಬರೆದು ಅದರಲ್ಲೂ ಕೆಲಸ ಹಚ್ಚುತ್ತೀಯ. ಅಮ್ಮ ನಿನ್ನ ಕಾಗದವನ್ನು ಮೂರು ಸಲ ಓದಿಸಿಕೊಂಡಳು. ವ್ಯಾಟ್ ವಿಷಯ ತಿಳಿಯಿತಂತೆ. "ಅಷ್ಟು ಬಲ ಹಾಕಿದ್ರೂ ಇದ್ದಲ್ಲೇ ಇರ್ತಾನಂತಲ್ಲ, ಯಾಕೆ ತುಳೀಬೇಕು" ಎಂದು ಕೇಳುತ್ತಾಳೆ. ಉತ್ತರ ನೀನೇ ಬರೆ.

ಯಂತ್ರದ ಮೇಲೆ ತಪ್ಪು ಹೊರಿಸುವ ಮೊದಲು ಅದಕ್ಕೂ ಮಾತಾಡಲು ಅವಕಾಶ ಕೊಡಬೇಕು. ಅಪ್ಪ ನಮ್ಮ ಸೈಕಲ್ ಅಂಗಡಿಯಲ್ಲಿ ಹೇಳುತ್ತಿದ್ದುದು ಇದನ್ನೇ. ಟ್ರೇನರ್ ಮೇಲೆ ಹತ್ತು ನಿಮಿಷ ತುಳಿದು ಅದನ್ನು ಬಿಸಿ ಮಾಡು, ಆಮೇಲೆ ವೇಗ ಏರಿಸಿ ಕಾಲು ಬಿಟ್ಟು ತಾನಾಗಿ ನಿಲ್ಲಲು ಬಿಡು. ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎನ್ನುವುದರಿಂದ ಅದು ತನ್ನ ಅಳತೆಯನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ತಣ್ಣಗಿದ್ದಾಗ ಮಾಡಿಸಿದರೆ ಸುಳ್ಳು ಹೇಳುತ್ತದೆ. ನಿನ್ನ ಮೀಟರಿಗೂ ಹಾಗೆಯೇ. ಸೈಕಲ್ಲನ್ನು ತುಳಿಯುವ ಕೋಣೆಯಲ್ಲೇ ಅರ್ಧ ಗಂಟೆ ನಿಲ್ಲಿಸಿ, ಕ್ರ್ಯಾಂಕನ್ನು ನೇರ ಕೆಳಗೆ ಬಿಟ್ಟು ಸೊನ್ನೆಗೆ ಹೊಂದಿಸು. ಕಿಟಕಿ ಪಕ್ಕ ನಿಲ್ಲಿಸಬೇಡ. ಚೈನ್ ತೊಳೆ, ನಿನ್ನ ಸೋಮಾರಿತನ ನನಗೆ ಗೊತ್ತು.

ಇಷ್ಟಕ್ಕೂ ಸರಿಹೋಗದಿದ್ದರೆ ಆ ಉದ್ದಣ್ಣನ ಸೈಕಲ್ಲನ್ನು ನಿನ್ನ ಟ್ರೇನರ್ ಮೇಲೆ ಕೂರಿಸಿ ಅವನನ್ನೇ ತುಳಿಸು. ಅವನ ಮೀಟರ್ ಎರಡೂ ಕಡೆ ಅಳೆಯುವಂಥದ್ದೋ, ನಿನ್ನ ಹಾಗೆ ಎಡಗಡೆಯದ್ದು ಮಾತ್ರವೋ ಕೇಳು. ನಿನ್ನದು ಎಡಗಾಲು ಒತ್ತಿದ್ದನ್ನಷ್ಟೇ ಅಳೆದು, ಅದನ್ನು ಎರಡರಿಂದ ಗುಣಿಸಿ ತೋರಿಸುತ್ತದೆ. ಎರಡೂ ಕಾಲು ಸಮ ಎಂಬ ನಂಬಿಕೆಯ ಮೇಲೆ ಅದರ ಸಂಸಾರ ನಡೆಯುವುದು. ಕೊನೆಗೆ ಜಿಮ್ಮಿನಿಂದ ಇಪ್ಪತ್ತು ಕಿಲೋ ತೂಕ ತಂದು, ಕ್ರ್ಯಾಂಕನ್ನು ಅಡ್ಡ ಹಿಡಿದು ಎಡ ಪೆಡಲಿಗೆ ನೇತುಹಾಕು. ಎಷ್ಟು ತೋರಿಸಬೇಕು ಎಂದು ಈ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ಬರೆದಿದ್ದೇನೆ.

ಸರಿಯಾಗಿ ಉಣ್ಣು, ನಿದ್ದೆ ಮಾಡು. ಇದು ಅಮ್ಮನ ಮಾತು, ನನಗೇನೂ ಆಗಬೇಕಾಗಿಲ್ಲ.

ಅಕ್ಕ


ಮಾರ್ಚ್ 6

ಅಕ್ಕ,

ನೀನು ಹೇಳಿದ್ದೆಲ್ಲ ಮಾಡಿದೆ. ಚೈನ್ ತೊಳೆದೆ ಎಂದರೆ ನಂಬುವುದಿಲ್ಲ ಎಂದು ತೊಳೆದ ಬಟ್ಟೆಯ ಒಂದು ಚೂರನ್ನು ಇದರ ಜೊತೆ ಇಟ್ಟಿದ್ದೇನೆ.

ಟ್ರೇನರನ್ನು ಬಿಸಿ ಮಾಡಿ ಅಳತೆ ಸರಿ ಮಾಡಿಸಿದೆ. ಮೀಟರನ್ನು ಸೊನ್ನೆಗೆ ತಂದೆ. ವ್ಯತ್ಯಾಸ ಹಾಗೇ ಇದೆ. ಉದ್ದಣ್ಣನನ್ನು ನನ್ನ ಟ್ರೇನರ್ ಮೇಲೆ ಕೂರಿಸಿದೆ. ಅವನದ್ದು ಎರಡೂ ಕಡೆ ಅಳೆಯುವ ಮೀಟರ್. ಅದಕ್ಕೂ ಟ್ರೇನರಿಗೂ ಎರಡೇ ವ್ಯಾಟ್ ವ್ಯತ್ಯಾಸ. ಅಂದರೆ ಟ್ರೇನರ್ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ನನ್ನ ಮೀಟರೇ ಕಳ್ಳ ಎಂದುಕೊಂಡು ಇಪ್ಪತ್ತು ಕಿಲೋ ನೇತುಹಾಕಿದೆ. ನೀನು ಬರೆದ ಲೆಕ್ಕಕ್ಕೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎರಡೂ ಹರಿಶ್ಚಂದ್ರನ ಮಕ್ಕಳು.

ಇನ್ನೊಂದು ವಿಚಿತ್ರ ನೋಡು. ನಿಧಾನಕ್ಕೆ ತುಳಿಯುವಾಗ, ನೂರೈವತ್ತು ವ್ಯಾಟಿನಲ್ಲಿ, ಎರಡರ ಲೆಕ್ಕವೂ ಒಂದೇ. ಇನ್ನೂರೈವತ್ತು ದಾಟಿದ ಮೇಲೆ ಜಗಳ ಶುರು. ಜೋರು ಹೆಚ್ಚಿಸಿದಷ್ಟೂ ದೂರ ದೂರ ಹೋಗುತ್ತವೆ. ಇದು ಯಾವ ಜಾತಿಯ ತೊಂದರೆ? ನೀನು ಇಂಥದ್ದನ್ನು ಅಂಗಡಿಯಲ್ಲಿ ನೋಡಿದ್ದೀಯಾ?

ಹೊಸ ಶೂ ಸ್ವಲ್ಪ ಬಿಗಿ. ಜೋರಾಗಿ ತುಳಿದ ಮೇಲೆ ಬಲತೊಡೆ ಭಾರ ಬರುತ್ತದೆ, ನಿಲ್ಲಿಸಿ ಐದು ನಿಮಿಷಕ್ಕೆ ಸರಿಹೋಗುತ್ತದೆ. ಶೂ ಹಿಗ್ಗಿದರೆ ಹೋದೀತು.

ಅಮ್ಮನಿಗೆ ಉತ್ತರ: ಇದ್ದಲ್ಲೇ ತುಳಿದರೆ ಬೀಳುವ ಭಯವಿಲ್ಲ.

ಮೊಂಡ


ಮಾರ್ಚ್ 15

ತಮ್ಮನಿಗೆ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತು.

ಎರಡು ಯಂತ್ರಗಳು ಪೂರ್ತಿ ಒಪ್ಪುವುದು ಅಪರೂಪ. ಒಂದು ಅಳೆಯುವುದು ಪಾದದ ಹತ್ತಿರ, ಇನ್ನೊಂದು ಹಿಂದಿನ ಚಕ್ರದ ಜಾಗದಲ್ಲಿ. ನಡುವೆ ಚೈನಿದೆ, ಹಲ್ಲುಗಳಿವೆ, ಸ್ವಲ್ಪ ಕಳೆದುಹೋಗುತ್ತದೆ. ನೀನು ದಿನವೂ ಎರಡು ಸಂಖ್ಯೆ ನೋಡಿ ತಲೆ ಕೆಡಿಸಿಕೊಳ್ಳುತ್ತಿದ್ದೀಯ, ಅದೇ ನಿಜವಾದ ತೊಂದರೆ.

ಹ್ಯಾಂಡಲ್ ಮೇಲಿನ ಪರದೆಯಲ್ಲಿ ಮೀಟರಿನ ಸೆಟ್ಟಿಂಗಿಗೆ ಹೋಗು. ಅಳತೆಯ ಪ್ರಮಾಣ ಶೇಕಡಾ ನೂರು ಎಂದಿರುತ್ತದೆ. ಅದನ್ನು 93 ಮಾಡು. ಎರಡೂ ಒಂದೇ ತೋರಿಸುತ್ತವೆ. ಆಮೇಲೆ ಮೀಟರನ್ನು ಮರೆತು ತುಳಿ. ಸೆಲೆಕ್ಷನ್ ಹೇಗೂ ಟ್ರೇನರ್ ಲೆಕ್ಕದಲ್ಲೇ ಅಲ್ಲವೇ.

ಶೂವಿನ ಪಟ್ಟಿ ಒಂದು ತೂತು ಸಡಿಲ ಮಾಡು. ತೊಡೆಯ ವಿಷಯ ಹೆಚ್ಚು ಯೋಚಿಸಬೇಡ.

ಅಕ್ಕ


ಏಪ್ರಿಲ್ 10

ಅಕ್ಕ,

ನೀನು ದೇವತೆ. ಒಂದು ಸಂಖ್ಯೆ ಬದಲಿಸಿದೆ, ಜಗಳ ಬಂದ್. 290, 290. 293, 293. ಹಾಲಿನಲ್ಲಿ ಕೂತು ಎರಡು ಪರದೆಗಳನ್ನು ನೋಡುತ್ತಿದ್ದರೆ ಅಣ್ಣತಮ್ಮಂದಿರ ಪಾಲು ಪಂಚಾಯಿತಿ ಮುಗಿದಷ್ಟು ನೆಮ್ಮದಿ. ಉದ್ದಣ್ಣ "ನಿಮ್ಮಕ್ಕನ್ನ ಇಲ್ಲಿಗೇ ಕರೆಸಪ್ಪ, ನನ್ನ ಸೊಂಟಾನೂ ಸರಿ ಮಾಡ್ಲಿ" ಅಂತಾನೆ.

ಚೆನ್ನಾಗಿ ನಿದ್ದೆ ಬರುತ್ತಿದೆ. ಇನ್ನು ಏಳು ವ್ಯಾಟ್ ಏರಿಸಿದರೆ ಮುನ್ನೂರು. ಎಪ್ಪತ್ತು ದಿನ ಕೈಯಲ್ಲಿದೆ. ಅಪ್ಪ ಇದ್ದಿದ್ದರೆ ಅಂಗಡಿ ಬಾಗಿಲಿಗೆ ನನ್ನ ಫೋಟೋ ಹಾಕಿ ಬೀದಿಯವರಿಗೆಲ್ಲ ಕಾಟ ಕೊಡುತ್ತಿದ್ದರು. ಆ ಕೆಲಸ ನಿನಗೆ ಬಿಟ್ಟಿದ್ದೇನೆ. ನೀನೇ ನನಗೆ ಸೈಕಲ್ ಕಲಿಸಿದವಳು, ಕಾಟ ಕೊಡುವ ಹಕ್ಕು ನಿನ್ನದೇ.

ಮೊಂಡ


ಮೇ 2

ತಮ್ಮನಿಗೆ,

ಏಪ್ರಿಲ್ ಹತ್ತರ ಮೇಲೆ ನಿನ್ನಿಂದ ಕಾಗದವಿಲ್ಲ. ಸಿಟ್ಟೇನೂ ಇಲ್ಲ, ಸುಮ್ಮನೆ ಕೇಳಿದೆ.

ಇದರ ಜೊತೆ ಒಂದು ಜೊತೆ ಮೆತ್ತನೆಯ ಅಟ್ಟೆ ಕಳಿಸುತ್ತಿದ್ದೇನೆ, ಶೂ ಒಳಗೆ ಹಾಕಿಕೋ. ಶೂ ಈಗ ಹಿಗ್ಗಿತೇ? ಆ ತೊಡೆಯ ಭಾರ ಹೋಯಿತೇ? ಸೆಟ್ಟಿಂಗ್ ಇನ್ನೂ 93ರಲ್ಲೇ ಇದೆ ತಾನೇ? ಇಷ್ಟಕ್ಕೆ ಒಂದು ಸಾಲು ಬರೆದರೆ ಸಾಕು, ಕತೆ ಕಟ್ಟಬೇಡ.

ಅಂಗಡಿಗೆ ಹೊಸ ಟ್ರೇನರ್ ಒಂದು ಬಂದಿದೆ. ಸೈಕಲ್ ಕೊಳ್ಳುವವರನ್ನು ಅದರ ಮೇಲೆ ಕೂರಿಸಿ ಅಳತೆ ನೋಡುತ್ತೇನೆ. ಅಮ್ಮ ಅದಕ್ಕೆ ಹಳೆ ಸೀರೆ ಹೊದಿಸಿಡುತ್ತಾಳೆ, ಧೂಳು ಕೂರುತ್ತದಂತೆ.

ಅಕ್ಕ


ಮೇ 24

ಅಕ್ಕ,

ಬರೆಯಬಾರದು ಎಂದೇನಿರಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಏಪ್ರಿಲ್ ಕೊನೆಗೆ ಎರಡೂ ಮತ್ತೆ ಬೇರೆಯಾದವು. ನೀನು ಹೇಳಿಕೊಟ್ಟ ಮದ್ದು ಗೊತ್ತಿತ್ತಲ್ಲ, 90 ಮಾಡಿದೆ. ಹತ್ತು ದಿನ ಸರಿಯಿತ್ತು. ಆಮೇಲೆ 87. ಈಗ 84ಕ್ಕೆ ಇಟ್ಟಿದ್ದೇನೆ. ಇಪ್ಪತ್ತು ನಿಮಿಷಕ್ಕೆ 281 ಬರುತ್ತಿದೆ, ಎರಡರಲ್ಲೂ. ಏರಬೇಕಾದದ್ದು ಇಳಿಯುತ್ತಿದೆ. ಕೋಚ್ ಮುಂಚೆ ಬೈಯುತ್ತಿದ್ದರು, ಈಗ ನನ್ನ ಟ್ರೇನರ್ ಪಕ್ಕ ನಿಲ್ಲದೆ ಮುಂದೆ ಹೋಗುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ಹನ್ನೆರಡನೇ ನಿಮಿಷಕ್ಕೆ ಬಲಗಾಲು ನನ್ನದಲ್ಲ ಅನ್ನಿಸುತ್ತದೆ. ನೋವು ಎನ್ನುವ ಹಾಗೂ ಇಲ್ಲ. ತೊಡೆಯೊಳಗೆ ಮರಳು ತುಂಬಿದ ಹಾಗೆ. ಇಳಿದು ಐದು ನಿಮಿಷ ಕೂತರೆ ಏನೂ ಆಗೇ ಇಲ್ಲ ಅನ್ನುವಷ್ಟು ಸರಿ. ಶಿಬಿರದ ಡಾಕ್ಟರಿಗೆ ತೋರಿಸಿದೆ. ಮಂಚದ ಮೇಲೆ ಮಲಗಿಸಿ ಪಾದದ ನಾಡಿ ಹಿಡಿದು ನೋಡಿದರು. "ಕುದುರೆ ಥರ ಇದ್ದೀಯಲ್ಲಯ್ಯ, ಹೆದರಿಕೆಗೆ ಹೀಗಾಗುತ್ತೆ" ಅಂದರು. ಹೆದರಿಕೆಯೇ ಇರಬೇಕು. ನಿನ್ನ ಅಟ್ಟೆ ಹಾಕಿಕೊಂಡೆ, ಮೆತ್ತಗಿದೆ.

ಇನ್ನು ಇಪ್ಪತ್ತೇಳು ದಿನ. ಬೇರೆ ಏನಾದರೂ ಸೆಟ್ಟಿಂಗ್ ಇದೆಯಾ ಅಕ್ಕ?

ಮೊಂಡ


ಜೂನ್ 1

ಮೊಂಡ,

ಮೊದಲು ಮಾಡಬೇಕಾದದ್ದು ಹೇಳುತ್ತೇನೆ, ಉಳಿದದ್ದು ಆಮೇಲೆ ಓದು. ಸೆಟ್ಟಿಂಗನ್ನು ನೂರಕ್ಕೆ ತಿರುಗಿಸು. ಜೋರಾಗಿ ತುಳಿಯುವುದನ್ನು ಇವತ್ತೇ ನಿಲ್ಲಿಸು. ಒಂದು ಸ್ಟೂಲ್ ಮೇಲೆ ಎಡಗಾಲನ್ನಿಟ್ಟು ಬಲಗಾಲಿನಿಂದ ಮಾತ್ರ ಒಂದು ನಿಮಿಷ ತುಳಿ, ಆಮೇಲೆ ಕಾಲು ಬದಲಿಸಿ ತುಳಿ. ಟ್ರೇನರ್ ತೋರಿಸುವ ಎರಡು ಸಂಖ್ಯೆಗಳನ್ನು ಬರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗು. ಮಲಗಿಸಿ ನೋಡಿದರೆ ಸಾಲದು, ತುಳಿದು ಕಾಲು ಸೋತ ಕೂಡಲೇ ನೋಡಿ ಎಂದು ಕೇಳು.

ಯಂತ್ರಗಳಲ್ಲಿ ತಪ್ಪಿಲ್ಲ. ಮಾರ್ಚಿನಲ್ಲೇ ನನಗೆ ಗೊತ್ತಿತ್ತು.

ನಿನ್ನ ಮೀಟರ್ ತೋರಿಸುವುದು ಎಡಗಾಲಿನ ಎರಡರಷ್ಟನ್ನು. ಟ್ರೇನರ್ ತೋರಿಸುವುದು ಎರಡೂ ಕಾಲಿನ ಮೊತ್ತವನ್ನು. ಟ್ಯೂಬಿನ ಪೊಟ್ಟಣದ ಹಿಂಬದಿಯಲ್ಲಿ ಬರೆದು ಕಳೆದು ನೋಡಿದೆ. ಫೆಬ್ರವರಿಯಲ್ಲಿ ನಿನ್ನ ಎಡಗಾಲು ನೂರ ಐವತ್ತೈದೂವರೆ, ಬಲಗಾಲು ನೂರ ಮೂವತ್ತಮೂರೂವರೆ. ಈಗಿನ 84ರಿಂದ ಲೆಕ್ಕ ಹಾಕಿದರೆ ಎಡಗಾಲು ನೂರ ಅರವತ್ತೇಳು, ಬಲಗಾಲು ನೂರ ಹದಿನಾಲ್ಕು. ಎಡಗಾಲು ತನ್ನ ತಮ್ಮ ಬಲಗಾಲಿನ ಪಾಲಿನ ಹೊರೆಯನ್ನೂ ಹೊತ್ತುಕೊಂಡು ಹೋಗುತ್ತಿದೆ, ಅದಕ್ಕೇ ಮೀಟರ್ ನಿನ್ನನ್ನು ಹೊಗಳುತ್ತಿತ್ತು.

ಗೊತ್ತಿದ್ದೂ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಬಲಗಾಲು ಎಂದು ಬರೆಯಲು ನನ್ನ ಕೈ ಏಳಲಿಲ್ಲ. ನಿನಗೆ ಆಗ ಏಳು ವರ್ಷ. ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ನಿನ್ನನ್ನು ಕೂರಿಸಿಕೊಂಡು ಹೊರಟಿದ್ದೆ. ನಿನ್ನ ಬಲಗಾಲು ಸ್ಪೋಕಿನೊಳಗೆ ಸಿಕ್ಕಿಕೊಂಡಿತು. ನೀನು ಕಿರುಚಿದೆಯಂತೆ, ಬೀದಿಯವರೆಲ್ಲ ಹೊರಗೆ ಬಂದರಂತೆ. ನನಗೆ ಕೇಳಿಸಲಿಲ್ಲ. ಚಕ್ರ ಯಾಕೋ ಬಿಗಿಯಾಯಿತು ಎಂದುಕೊಂಡು ಇನ್ನೂ ಜೋರಾಗಿ ತುಳಿದೆ. ನಿನಗೆ ಇದೆಲ್ಲ ನೆನಪಿದೆಯೋ ಇಲ್ಲವೋ ಎಂದು ಹದಿನೇಳು ವರ್ಷದಲ್ಲಿ ಒಂದು ದಿನವೂ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ನೀನು ಓಡುವಾಗ, ಮೆಟ್ಟಿಲು ಹತ್ತುವಾಗ ಹಿಂದಿನಿಂದ ಆ ಕಾಲನ್ನೇ ನೋಡುತ್ತಿದ್ದೆ. ಸರಿಯಾಗಿಯೇ ಇತ್ತು. ನಿನ್ನ ಮಾರ್ಚಿನ ಕಾಗದ ಓದಿದಾಗ, ಅಂದು ಮುರಿದದ್ದು ಇಂದು ಲೆಕ್ಕಕ್ಕೆ ಸಿಕ್ಕಿತು ಎಂದುಕೊಂಡೆ. ಅದು ಕಾಣದ ಹಾಗೆ ಆಗಲಿ ಎಂದು 93 ಬರೆದೆ. ಯಂತ್ರ ನಿಜ ಹೇಳಿತು, ಅದರ ಬಾಯಿ ಮುಚ್ಚಿಸಿದವಳು ನಾನು. ಅವತ್ತಿನ ಹಾಗೇ ಇವತ್ತೂ ಜೋರಾಗಿ ತುಳಿಯಲು ಬಿಟ್ಟೆ.

ಅಮ್ಮ ಆಗಲೇ ಹೇಳಿದ್ದಳು. ನಿನ್ನ ಕಾಗದ ಓದಿಸಿಕೊಂಡು, "ಎರಡೂ ಯಂತ್ರ ಸರಿ ಇದ್ರೆ ಹುಡುಗನ ಕಾಲೇ ಸರಿ ಇಲ್ಲ ಅಂತ ತಾನೇ?" ಅಂದಳು. ಅವಳ ತುಟಿ ಓದಿದೆ. ಓದಲಿಲ್ಲ ಎನ್ನುವ ಹಾಗೆ ಮುಖ ತಿರುಗಿಸಿ ಬೇರಿಂಗ್ ಬಿಚ್ಚಲು ಕೂತೆ.

ನಿನ್ನೆ ಅಮ್ಮನ ಕೈಯಲ್ಲಿ ನಿಮ್ಮ ಶಿಬಿರದ ಆಫೀಸಿಗೆ ಫೋನ್ ಮಾಡಿಸಿದೆ. ಸೆಲೆಕ್ಷನ್ ತನಕ ಯಾರನ್ನೂ ಫೋನಿಗೆ ಕರೆಯುವುದಿಲ್ಲವಂತೆ, ವಿಷಯ ಮುಟ್ಟಿಸುತ್ತಾರಂತೆ. ಅಮ್ಮ ಅಳು ನುಂಗಿಕೊಂಡು ಹೇಳಿದ ಅಷ್ಟು ಮಾತಿನಲ್ಲಿ ಎಷ್ಟು ಮುಟ್ಟಿತೋ ಗೊತ್ತಿಲ್ಲ. ಅದಕ್ಕೇ ಇದನ್ನು ಅರ್ಜೆಂಟ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಬೈಯುವುದಿದ್ದರೆ ಆಮೇಲೆ ಬೈ. ಮೊದಲು ಸೈಕಲ್ಲಿನಿಂದ ಇಳಿ.

ಅಕ್ಕ


ಜೂನ್ 12

ಮೊಂಡ,

ಕಾಗದ ಸಿಕ್ಕಿತು ಎಂದು ಒಂದೇ ಒಂದು ಪದ ಬರೆ. ಅಮ್ಮ ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಹೋಗಿ ಬರುತ್ತಿದ್ದಾಳೆ. ನಾನೂ.

ಅಕ್ಕ


ಜೂನ್ 26

ಅಕ್ಕ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮಲಗಿ ಬರೆಯುತ್ತಿರುವುದಕ್ಕೆ, ಇನ್ನೇನೂ ಅಲ್ಲ. ಫೋನ್ ವಾಪಸು ಸಿಕ್ಕಿದೆ, ಅಮ್ಮನ ಜೊತೆ ಮಾತಾಡಿದೆ, ಅವಳು ನಿನಗೆ ಹೇಳಿರುತ್ತಾಳೆ. ಅವಳಿಗೆ ಹೇಳದೇ ಇದ್ದದ್ದನ್ನು ನಿನಗೆ ಬರೆಯುತ್ತೇನೆ.

ನಿನ್ನ ಕಾಗದ ಐದನೇ ತಾರೀಕಿಗೇ ಸಿಕ್ಕಿತು. ಪೂರ್ತಿ ಓದಿದೆ. ಆಫೀಸಿನವರೂ ಬಂದು "ಮನೆಯಿಂದ ಫೋನ್ ಬಂದಿತ್ತು, ಕಾಲು ಜೋಪಾನ ಅಂದ್ರು" ಎಂದು ಹೇಳಿ ಹೋದರು. ಸ್ಟೂಲ್ ಇಟ್ಟುಕೊಂಡು ನೀನು ಹೇಳಿದ ಪರೀಕ್ಷೆಯನ್ನೂ ಮಾಡಿದೆ. ಬಲಗಾಲು ಒಂದು ನಿಮಿಷ ಕೂಡ ಪೂರ್ತಿ ಎಳೆಯಲಿಲ್ಲ. ಎಲ್ಲ ಅರ್ಥವಾಯಿತು. ಆಮೇಲೆ ಕಾಗದ ಮಡಚಿ ದಿಂಬಿನ ಕೆಳಗಿಟ್ಟು ಮರುದಿನ ಬೆಳಗ್ಗೆ ತುಳಿಯಲು ಹೋದೆ. ಸೆಟ್ಟಿಂಗನ್ನು ನೂರಕ್ಕೆ ತಿರುಗಿಸಲಿಲ್ಲ. ಹದಿನೈದು ದಿನ ಉಳಿದಿತ್ತು ಅಕ್ಕ, ಆ ಸಂಖ್ಯೆ ನೋಡಿ ಏನು ಮಾಡಲಿ? ನೀನು ಒಬ್ಬಳೇ ಅಲ್ಲ ಬಾಯಿ ಮುಚ್ಚಿಸಿದವಳು.

ಇಪ್ಪತ್ತನೇ ತಾರೀಕು ಹನ್ನೊಂದು ಜನ ಸಾಲಾಗಿ ತುಳಿದೆವು. ಹದಿನಾಲ್ಕು ನಿಮಿಷ ಮುನ್ನೂರ ಎರಡು ಇತ್ತು. ಅಷ್ಟನ್ನು ಹೇಗೆ ತಂದೆನೋ ನನಗೇ ಗೊತ್ತಿಲ್ಲ. ಹದಿನೈದಕ್ಕೆ ಕಾಲು ಸತ್ತುಹೋಯಿತು. ಟ್ರೇನರ್ ಮೇಲಿಂದ ಬೀಳಲೂ ಆಗುವುದಿಲ್ಲ, ಶೂ ಪೆಡಲಿಗೆ ಕಚ್ಚಿಕೊಂಡಿರುತ್ತದೆ, ಸೈಕಲ್ ನೆಲಕ್ಕೆ ಬಿಗಿದಿರುತ್ತದೆ. ಹಾಗೇ ಹ್ಯಾಂಡಲ್ ಮೇಲೆ ಒರಗಿಕೊಂಡು ಉಳಿದ ಐದು ನಿಮಿಷ ಬೇರೆಯವರು ತುಳಿಯುವ ಸದ್ದು ಕೇಳುತ್ತಾ ಕೂತಿದ್ದೆ. ಉದ್ದಣ್ಣ ಆಯ್ಕೆಯಾದ. ಅವನೇ ಬಂದು ಶೂ ಬಿಡಿಸಿದ, ಆಯ್ಕೆಯಾದ ಖುಷಿಯನ್ನೂ ಪಡದೆ ಅತ್ತ.

ತೊಡೆಸಂದಿಯ ಒಳಗೆ ಕಾಲಿಗೆ ರಕ್ತ ಒಯ್ಯುವ ನಾಳದ ಗೋಡೆ ದಪ್ಪಗಾಗಿ ದಾರಿ ಮುಚ್ಚಿಹೋಗಿತ್ತಂತೆ. ವರ್ಷಗಟ್ಟಲೆ ತೀರಾ ಬಗ್ಗಿ ತುಳಿಯುವವರಿಗೆ ಬರುತ್ತದಂತೆ. ಮಲಗಿದ್ದಾಗ, ನಡೆಯುವಾಗ ಗೊತ್ತಾಗುವುದಿಲ್ಲ, ಕಾಲು ಜಾಸ್ತಿ ರಕ್ತ ಕೇಳಿದಾಗ ಮಾತ್ರ ಗೊತ್ತಾಗುತ್ತದೆ. ಮೊನ್ನೆ ಸೀಳಿ ತೇಪೆ ಹಾಕಿದ್ದಾರೆ. ನಿನ್ನ ಟ್ಯೂಬಿಗೆ ಹಾಕುವ ಹಾಗೇ ಎಂದು ಡಾಕ್ಟರೇ ನಗುತ್ತಾ ಹೇಳಿದರು. ಇನ್ನು ರೇಸ್ ಇಲ್ಲ. ಸೈಕಲ್ಲೇ ಬೇಡ ಅಂದರು.

ಎರಡು ವಿಷಯ ಬರೆಯಲೋ ಬೇಡವೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನೀನು ಬಚ್ಚಿಟ್ಟದ್ದರಿಂದ ಏನಾಯಿತು ಎಂದು ನೋಡಿದ ಮೇಲೆ ನಾನು ಬಚ್ಚಿಡಬಾರದು. ಒಂದು, ಸ್ಪೋಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕೇಳಿದೆ. ಆ ಮೂಳೆ ಕೂಡಿಕೊಂಡು ಎಡಗಾಲಿನದ್ದಕ್ಕಿಂತ ಗಟ್ಟಿಯಾಗಿದೆಯಂತೆ. ನನಗೆ ಆ ದಿನ ಚೆನ್ನಾಗಿ ನೆನಪಿದೆ ಅಕ್ಕ, ನಿನ್ನ ಮೇಲೆ ಒಂದು ದಿನವೂ ಸಿಟ್ಟಿರಲಿಲ್ಲ. ಎರಡು, ಮಾರ್ಚಿನಲ್ಲಿ ಬಂದಿದ್ದರೆ ಹ್ಯಾಂಡಲ್ ಎತ್ತರಿಸಿ, ಆರು ತಿಂಗಳು ವಿಶ್ರಾಂತಿ ಕೊಟ್ಟು ನೋಡುತ್ತಿದ್ದರಂತೆ. ಬಹಳ ಜನರಿಗೆ ಅಷ್ಟಕ್ಕೇ ನಿಲ್ಲುತ್ತದಂತೆ.

ಹ್ಯಾಂಡಲ್ ಅಷ್ಟು ತಗ್ಗಿಸಿದ್ದು ಯಾರು ಎಂದು ಕೇಳಿದರು. ನಾನೇ ಅಂದೆ.

ಮೊಂಡ


ಜುಲೈ 9

ಮೊಂಡ,

ಶಿಬಿರದವರು ನಿನ್ನ ಸೈಕಲ್ಲನ್ನು ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದಾರೆ. ಅಮ್ಮ ನಿನ್ನ ಬೆವರಿನ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ನಿನ್ನ ಬಳಿಗೆ ಹೊರಡುತ್ತೇನೆ ಎಂದು ಬಟ್ಟೆ ಕಟ್ಟಿಕೊಂಡಿದ್ದಳು, ಡಾಕ್ಟರು ಇನ್ನೆರಡು ವಾರಕ್ಕೆ ನಿನ್ನನ್ನೇ ಕಳಿಸುತ್ತಾರೆಂದು ನೀನು ಹೇಳಿದ ಮೇಲೆ ಗಂಟು ಬಿಚ್ಚಿದಳು. ಕಟ್ಟುವುದು ಬಿಚ್ಚುವುದು ಇನ್ನೂ ನಡೆದಿದೆ.

ನಿನ್ನೆ ಸೈಕಲ್ಲನ್ನು ನಮ್ಮ ಟ್ರೇನರ್ ಮೇಲೆ ಕೂರಿಸಿದೆ. ಪರದೆ ಹಚ್ಚಿದರೆ ಸೆಟ್ಟಿಂಗ್ 81 ಇತ್ತು. ಜೂನಿನಲ್ಲಿ ಇನ್ನೂ ಇಳಿಸಿದ್ದೀಯ, ಅದನ್ನು ಬರೆಯಲಿಲ್ಲ. ನೂರಕ್ಕೆ ತಿರುಗಿಸಿದೆ. ಸೀಟು ಇಳಿಸಿ ನಾನೇ ಹತ್ತಿ ತುಳಿದೆ, ಬೆವರು ಇಳಿಯುವ ತನಕ ತುಳಿದೆ. ಮೀಟರ್ 132, ಟ್ರೇನರ್ 131. ನನ್ನ ಎರಡು ಕಾಲೂ ಸಮವಾಗಿವೆ. ಅದನ್ನು ನೋಡಿ ತುಳಿಯಲಾರದೆ ಇಳಿದುಬಿಟ್ಟೆ.

ಡಾಕ್ಟರಿಗೆ ಸುಳ್ಳು ಹೇಳಿದ್ದೀಯ. ಹ್ಯಾಂಡಲ್ ತಗ್ಗಿಸಿದ್ದು ನಾನು. "ಇನ್ನೂ ಸ್ವಲ್ಪ ಬಗ್ಗು, ಇನ್ನೂ ಸ್ವಲ್ಪ" ಎಂದು ನಿನ್ನ ಬೆನ್ನ ಮೇಲೆ ಕೈಯಿಟ್ಟು ಒತ್ತಿದ್ದೂ ನಾನೇ. ಮಾಡದ ತಪ್ಪನ್ನು ಹದಿನೇಳು ವರ್ಷ ಹೊತ್ತುಕೊಂಡು, ಮಾಡುತ್ತಿದ್ದ ತಪ್ಪನ್ನು ಕಣ್ಣೆದುರಿಗಿದ್ದರೂ ನೋಡಲಿಲ್ಲ. ಹ್ಯಾಂಡಲನ್ನು ಇವತ್ತು ಬೆಳಗ್ಗೆ ಎತ್ತರಿಸಿದೆ. ಯಾರಿಗೆ ಎಂದು ಕೇಳಬೇಡ. ಕೈ ಸುಮ್ಮನಿರಲಿಲ್ಲ.

ನಿನ್ನ ಕಾಲಿಗೆ ನಾನು ಮಾಡಬಹುದಾದದ್ದು ಏನೂ ಇಲ್ಲ. ಬೇರಿಂಗ್ ಸವೆದರೆ ಬೆರಳಿಗೆ ಗೊತ್ತಾಗುತ್ತದೆ, ಬದಲಿಸುತ್ತೇನೆ. ಇದಕ್ಕೆ ನನ್ನ ಬಳಿ ಯಾವ ಸ್ಪ್ಯಾನರೂ ಇಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ತೇಪೆ ಹಿಡಿದಿದೆಯೋ ಇಲ್ಲವೋ ನಡೆದರೆ ತಿಳಿಯುತ್ತದೆ ಎಂದು ಡಾಕ್ಟರು ಅಮ್ಮನಿಗೆ ಫೋನಿನಲ್ಲಿ ಹೇಳಿದರಂತೆ. ನಡೆಯುವಾಗ ಹೆಜ್ಜೆ ಎಣಿಸು. ಎಷ್ಟನೇ ಹೆಜ್ಜೆಗೆ ತೊಡೆ ಭಾರವಾಗುತ್ತದೆಯೋ ಆ ಸಂಖ್ಯೆಯನ್ನು ಡಾಕ್ಟರಿಗೆ ಹೇಳು, ನನಗೂ ಬರೆ. ದಿನದಿನಕ್ಕೆ ಏರಿದರೆ ಒಳ್ಳೆಯದು. ಏರದಿದ್ದರೂ ಬರೆ. ನನ್ನ ಸಮಾಧಾನಕ್ಕೆಂದು ಹತ್ತು ಹೆಜ್ಜೆ ಸೇರಿಸಬೇಡ, ನಿನ್ನ ಸಮಾಧಾನಕ್ಕೂ ಬೇಡ. ಎಷ್ಟಿದೆಯೋ ಅಷ್ಟು.

ಅಕ್ಕ


ಜುಲೈ 17

ಅಕ್ಕ,

ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ನಡೆಯುತ್ತಿದ್ದೇನೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನೂರ ಆರು ಹೆಜ್ಜೆ. ನರ್ಸಮ್ಮನಿಗೆ ನಾನು ಎಣಿಸುವುದು ಕೇಳಿಸಿ, "ಏನಪ್ಪ, ಜಾಗ ಕೊಳ್ತೀಯಾ" ಅಂತಾರೆ.

ಸೋಮವಾರ ನಾನೂರ ಅರವತ್ತು. ಬುಧವಾರ ನಾನೂರ ಐವತ್ತೊಂದು. ಇವತ್ತು ನಾನೂರ ಮೂವತ್ತು.

ಡಾಕ್ಟರಿಗೂ ಇದನ್ನೇ ಹೇಳಿದೆ. ನಾಳೆ ಮತ್ತೆ ಸ್ಕ್ಯಾನ್ ಮಾಡುತ್ತಾರಂತೆ. ಅಮ್ಮನಿಗೆ ಬಟ್ಟೆ ಕಟ್ಟಿಕೊಂಡೇ ಇರಲು ಹೇಳು, ನೀನೂ ಬಾ. ಸಂಜೆ ಇನ್ನೊಂದು ಸಲ ನಡೆದು ಎಣಿಸಿ, ಆಮೇಲೆ ಈ ಕಾಗದ ಅಂಟಿಸುತ್ತೇನೆ ಎಂದು ಇಟ್ಟುಕೊಂಡಿದ್ದೆ.

ನಾನೂರ ಹನ್ನೆರಡು. ಎಷ್ಟಿದೆಯೋ ಅಷ್ಟೇ ಬರೆದಿದ್ದೇನೆ.

ಮೊಂಡ